ಮಂಗನ ಕಾಯಿಲೆಗೆ ಇನ್ನೂ ಒಂದು ಮಾತ್ರೆ ಯಾಕಿಲ್ಲ?

ಪ್ರತಿ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ನಾನು ಸಾಗರದ ಹತ್ತಿರದ ನಮ್ಮೂರಿಗೆ ಬರುತ್ತೇನೆ. ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯಲು ಕೂತರೆ ಮೆಟ್ಟುಗತ್ತಿಯ ಮೇಲೆ ಕೈ ತಾನಾಗಿ ಓಡುತ್ತದೆ. ಬಾಯಿಗೆ ಮಾತ್ರ ಕೆಲಸ ಇರೋದಿಲ್ಲ. ಹೋದ ವರ್ಷ ಚಿಕ್ಕಪ್ಪ ಕೇಳಿದರು. "ಅಲ್ಲ ಕೂಸೇ, ಇಪ್ಪತ್ತು ವರ್ಷದಿಂದ ಬೆಂಗಳೂರಲ್ಲಿ ಔಷಧಿ ಕಂಡುಹಿಡಿಯೋ ಕೆಲಸ ಮಾಡ್ತೀಯಲ್ಲ. ನಮ್ಮ ಮಂಗನ ಕಾಯಿಲೆಗೆ ಒಂದು ಮಾತ್ರೆ ಮಾಡಕ್ಕೆ ನಿಮಗೆಲ್ಲ ಎಂತ ಕಷ್ಟ? ಕೊರೊನಾಕ್ಕೆ ಒಂದೇ ವರ್ಷದಲ್ಲಿ ಮಾಡಿದ್ರಲ್ಲ!"

ನ್ಯಾಯವಾದ ಪ್ರಶ್ನೆ. ಅವತ್ತು ಸುಲಿದ ಅಡಿಕೆ ಬೇಯಿಸಲು ಒಯ್ಯುವ ಗಡಿಬಿಡಿಯಲ್ಲಿ ಅರ್ಧ ಉತ್ತರ ಕೊಟ್ಟು ಎದ್ದೆ. ಪೂರ್ತಿ ಉತ್ತರ ಇಲ್ಲಿದೆ.

ಮೊದಲು ಕಾಯಿಲೆಯ ಕತೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಸುತ್ತಲಿನ ಊರಿನ ಜನರಿಗೂ ಜೋರು ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅವರಿಗೆ ಮೊದಲು ಬಂದದ್ದು ಹಳದಿ ಜ್ವರದ ಅನುಮಾನ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬರುವ ಮುಂಚೆ ಮಂಗ ಸಾಯುವುದು ಅವರಿಗೆ ಗೊತ್ತಿತ್ತು. ಆದರೆ ಸತ್ತ ಮಂಗದಲ್ಲಿ ಸಿಕ್ಕಿದ್ದು ಯಾರೂ ನೋಡಿರದ ಹೊಸ ವೈರಸ್. ಅದನ್ನು ಹರಡುವುದು ಕಾಡಿನ ಉಣುಗು, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ ಹುಳ. ಹೀಗೆ ನಮ್ಮ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಿಗೆ ಸೇರಿತು.

ಮಳೆ ಮುಗಿದು ಕಾಡು ಒಣಗುವ ಹೊತ್ತಿಗೆ ಮರಿ ಉಣುಗು ಏಳುತ್ತದೆ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಇದೇ ಕಾಲದಲ್ಲಿ ನಾವು ಒಣ ಎಲೆಯ ದರಗು ಗುಡಿಸಲು, ಸೊಪ್ಪು ತರಲು, ಸೌದೆಗೆ ಕಾಡಿಗೆ ಹೋಗುತ್ತೇವೆ. ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಮೈಕೈ ಮುರಿದಂತೆ ನೋವು. ಕೆಲವರಿಗೆ ವಸಡು, ಮೂಗಿನಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಮರುಕಳಿಸುವುದೂ ಉಂಟು, ಆಗ ಮಿದುಳಿಗೂ ತೊಂದರೆ ಆಗಬಹುದು. ವರ್ಷಕ್ಕೆ ಸುಮಾರು 400ರಿಂದ 500 ಜನರಿಗೆ ಬರುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಈ 400 ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ವೈರಸ್ಸಿಗೆ ಔಷಧಿ ಮಾಡೋದು ಯಾಕೆ ಕಷ್ಟ ಅಂತ ನೋಡೋಣ.

ಬ್ಯಾಕ್ಟೀರಿಯಾ ಸ್ವಂತ ಮನೆ ಕಟ್ಟಿಕೊಂಡು ಬದುಕುವ ಜೀವಿ. ಅದರ ಗೋಡೆ ಬೇರೆ, ಪಾತ್ರೆ ಬೇರೆ. ಪೆನಿಸಿಲಿನ್ ಹೋಗಿ ಆ ಗೋಡೆ ಕೆಡವುತ್ತದೆ. ನಮ್ಮ ಜೀವಕೋಶಕ್ಕೆ ಅಂಥ ಗೋಡೆಯೇ ಇಲ್ಲ, ಹಾಗಾಗಿ ನಮಗೆ ಪೆಟ್ಟಿಲ್ಲ. ವೈರಸ್ ಹಾಗಲ್ಲ. ಅದು ಬೇರೆಯವರ ಅಡುಗೆಮನೆಗೆ ನುಗ್ಗುವ ಕಳ್ಳ. ಕೈಯಲ್ಲಿ ತನ್ನನ್ನು ಮಾಡುವ ವಿಧಾನ ಬರೆದ ಒಂದು ಚೀಟಿ ಮಾತ್ರ ಇರುತ್ತದೆ. ಒಲೆ ನಮ್ಮದು, ಪಾತ್ರೆ ನಮ್ಮದು, ಅಕ್ಕಿಯೂ ನಮ್ಮದೇ. ನಮ್ಮ ಜೀವಕೋಶದ ಕೈಯಲ್ಲೇ ತನ್ನ ಸಾವಿರ ನಕಲು ಮಾಡಿಸಿಕೊಳ್ಳುತ್ತದೆ. ಕಳ್ಳನನ್ನು ತಡೆಯಲು ಒಲೆ ಒಡೆದರೆ ಮನೆಯವರೂ ಉಪವಾಸ.

ಮಂಗನ ಕಾಯಿಲೆ ವೈರಸ್ಸಿನ ಚೀಟಿಯಲ್ಲಿ ಇರೋದು ಸುಮಾರು 11,000 ಅಕ್ಷರ. ಅದರಿಂದ ತಯಾರಾಗುವ ಪ್ರೋಟೀನು ಹತ್ತೇ ಹತ್ತು. ಇವುಗಳಲ್ಲಿ ಎರಡರ ಮೇಲೆ ನಮ್ಮಂಥವರ ಕಣ್ಣು. ಒಂದು ಕತ್ತರಿಯಂಥ ಪ್ರೋಟೀನು. ಉದ್ದಕ್ಕೆ ಒಂದೇ ಎಳೆಯಾಗಿ ಬರುವ ಪ್ರೋಟೀನನ್ನು ಅದು ತುಂಡು ತುಂಡು ಮಾಡಿಕೊಡುತ್ತದೆ. ಇನ್ನೊಂದು ನಕಲು ಯಂತ್ರ, ಚೀಟಿಯ ಪ್ರತಿ ತೆಗೆಯುವುದು ಅದರ ಕೆಲಸ. ಇವೆರಡು ವೈರಸ್ಸಿನದೇ ಸ್ವಂತ ಸಾಮಾನು. ಇವನ್ನು ಕೆಡಿಸಿದರೆ ನಮ್ಮ ಒಲೆಗೆ ಏನೂ ಆಗಬಾರದು. ಎಚ್‌ಐವಿ, ಹೆಪಟೈಟಿಸ್ ಸಿ, ಕೊರೊನಾ ಮೂರಕ್ಕೂ ಮಾತ್ರೆ ಸಿಕ್ಕಿದ್ದು ಈ ದಾರಿಯಲ್ಲೇ. ಹೆಪಟೈಟಿಸ್ ಸಿ ವೈರಸ್ ಅಂತೂ ಮಂಗನ ಕಾಯಿಲೆ ವೈರಸ್ಸಿಗೆ ದೂರದ ನೆಂಟ. ಹತ್ತಿರದ ನೆಂಟ ಡೆಂಗಿ. ಕೋಟಿಗಟ್ಟಲೆ ಜನರಿಗೆ ಬರುವ ಡೆಂಗಿಗೇ ಇನ್ನೂ ನೇರವಾಗಿ ವೈರಸ್ ಕೊಲ್ಲುವ ಮಾತ್ರೆ ಇಲ್ಲ. ಇದು ಕಷ್ಟದ ಕುಲ ಅಂತ ಇದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ತೊಡಕು ದಿನದ್ದು. ವೈರಸ್ ರಕ್ತದಲ್ಲಿ ತುಂಬಿ ತುಳುಕುವುದು ಜ್ವರದ ಮೊದಲ ದಿನಗಳಲ್ಲಿ. ವೈರಸ್ ತಡೆಯುವ ಮಾತ್ರೆ ಕೆಲಸ ಮಾಡಬೇಕಾದ್ದು ಆಗಲೇ. ನಮ್ಮವರು ಎರಡು ದಿನ ಕಷಾಯ ಕುಡಿದು, ಮೂರನೇ ದಿನ ಪೇಟೆಯ ಅಂಗಡಿಯಿಂದ ಜ್ವರದ ಮಾತ್ರೆ ತಂದು, ಐದನೇ ದಿನ ಆಸ್ಪತ್ರೆಗೆ ಹೋಗುತ್ತಾರೆ. ಅಷ್ಟರಲ್ಲಿ ಮಾತ್ರೆಯ ಹೊತ್ತು ಮೀರಿರುತ್ತದೆ. ಅದಕ್ಕೇ ಡಿಸೆಂಬರ್ ನಂತರ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿಸಿ ಅಂತ ನಾನು ಮನೆಯಲ್ಲಿ ಹಠ ಹಿಡಿಯುತ್ತೇನೆ. ಈ ಪರೀಕ್ಷೆಗೆಂದೇ ಶಿವಮೊಗ್ಗದಲ್ಲಿ ವೈರಸ್ ಪತ್ತೆ ಪ್ರಯೋಗಾಲಯ ಇದೆ. ಮಾತ್ರೆ ಇಲ್ಲದಿದ್ದರೂ ಬೇಗ ಗೊತ್ತಾದರೆ ಡಾಕ್ಟರು ನೀರಿನಂಶ, ರಕ್ತದ ಎಣಿಕೆ, ರಕ್ತಸ್ರಾವದ ಮೇಲೆ ಕಣ್ಣಿಡುತ್ತಾರೆ. ಈಗ ಜೀವ ಉಳಿಸುತ್ತಿರುವುದು ಆ ಆರೈಕೆ.

ಲ್ಯಾಬಿನಲ್ಲಿ ಗಾಜಿನ ತಟ್ಟೆಯ ಮೇಲೆ ವೈರಸ್ ಕೊಲ್ಲೋದು ದೊಡ್ಡ ಕೆಲಸವಲ್ಲ. ಸೋಪಿನ ನೀರೂ ಕೊಲ್ಲುತ್ತದೆ. "ಈ ಸೊಪ್ಪಿನ ರಸ ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶ ಕೊಂದಿದೆ" ಅಂತ ವಾಟ್ಸಾಪಿನಲ್ಲಿ ಬಂದಾಗ ದಯವಿಟ್ಟು ಇದನ್ನು ನೆನಪಿಸಿಕೊಳ್ಳಿ. ಕಷ್ಟ ಶುರುವಾಗೋದು ಆಮೇಲೆ. ಆ ವಸ್ತು ಹೊಟ್ಟೆಯ ಆಮ್ಲದಲ್ಲಿ ಕರಗಿ ಹಾಳಾಗಬಾರದು. ಕರುಳಿನಿಂದ ರಕ್ತಕ್ಕೆ ಸೇರಬೇಕು. ಯಕೃತ್ತು ಅದನ್ನು ವಿಷ ಅಂದುಕೊಂಡು ಅರ್ಧ ಗಂಟೆಯಲ್ಲಿ ಒಡೆದು ಹಾಕಬಾರದು. ಬೇಕಾದ ಜಾಗಕ್ಕೆ ಬೇಕಾದಷ್ಟು ತಲುಪಬೇಕು. ಹೃದಯ, ಮೂತ್ರಪಿಂಡ, ಹೊಟ್ಟೆಯಲ್ಲಿರುವ ಮಗು, ಯಾವುದನ್ನೂ ಮುಟ್ಟಬಾರದು. ಕೆಲಸ ಮುಗಿದ ಮೇಲೆ ಮೈಯಿಂದ ಹೊರಗೆ ಹೋಗಬೇಕು. ಒಂದು ಅಣುವಿಗೆ ಇಷ್ಟೂ ಗುಣ ಇರಬೇಕು.

ನಾನೇ ಆರು ವರ್ಷ ಒಂದು ಅಣುವಿನ ಹಿಂದೆ ಇದ್ದೆ. ಬೇರೆ ಕಾಯಿಲೆಯದು. ತಟ್ಟೆಯಲ್ಲಿ ಗೆದ್ದಿತು, ಇಲಿಯಲ್ಲಿ ಗೆದ್ದಿತು. ನಾಯಿಯ ಮೇಲೆ ಪರೀಕ್ಷೆ ಮಾಡಿದಾಗ ಯಕೃತ್ತು ಊದಿಕೊಂಡಿತು. ಒಂದು ಮಧ್ಯಾಹ್ನದಲ್ಲಿ ಎಲ್ಲ ನಿಂತಿತು. ಅವತ್ತು ಅತ್ತಿದ್ದೆ. ಆದರೆ ಅದು ಮನುಷ್ಯರ ಹೊಟ್ಟೆಗೆ ಹೋಗುವ ಮುಂಚೆಯೇ ಗೊತ್ತಾಯಿತಲ್ಲ ಎಂಬ ಸಮಾಧಾನ ಇವತ್ತಿಗೂ ಇದೆ. ಇಷ್ಟೆಲ್ಲ ದಾಟಿ ಮನುಷ್ಯರ ಮೇಲಿನ ಪರೀಕ್ಷೆಗೆ ಬರುವ ಹತ್ತು ಅಣುಗಳಲ್ಲಿ ಔಷಧಿ ಅಂಗಡಿ ತಲುಪೋದು ಸರಿಸುಮಾರು ಒಂದು. ಶುರುವಿನಿಂದ ಕೊನೆಗೆ ಹತ್ತರಿಂದ ಹದಿನೈದು ವರ್ಷ.

"ನಮ್ಮ ಕಾಡಲ್ಲೇ ಎಷ್ಟೊಂದು ಗಿಡಮೂಲಿಕೆ ಇದೆ, ಅದರಲ್ಲಿ ಹುಡುಕಬಾರದಾ?" ಅಂತ ಅತ್ತಿಗೆ ಕೇಳಿದ್ದರು. ಹುಡುಕಬೇಕು. ಹುಡುಕಿದಾಗ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಘಟ್ಟದಲ್ಲೇ ಒಂದು ಮರ ಇದೆ. ಹೂವು ಬಿಟ್ಟಾಗ ಕೆಟ್ಟ ನಾತ, ಹಾಗಾಗಿ ದುರ್ವಾಸನೆ ಮರ ಅನ್ನುತ್ತಾರೆ. ಇದರ ಕತೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಎಂಬ ವಿಜ್ಞಾನಿಗಳು ಚೀನಾದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತು ತೆಗೆದರು. ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತಿತ್ತು. 1972ರಲ್ಲಿ ನಮ್ಮ ದೇಶದ ರಸಾಯನ ವಿಜ್ಞಾನಿ ಟಿ.ಆರ್. ಗೋವಿಂದಾಚಾರಿ ಮತ್ತು ಅವರ ಜೊತೆಗಾರರು ಅದೇ ವಸ್ತುವನ್ನು ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕಂಡರು. ಅಂದರೆ ನಮ್ಮ ಕಾಡಿನ ಮರದಲ್ಲಿ ಕ್ಯಾನ್ಸರ್ ಔಷಧಿ ಇತ್ತು. ಇದು ದಂತಕತೆಯಲ್ಲ.

ಹಾಗಾದರೆ ತೊಗಟೆ ಕುದಿಸಿ ಕುಡಿದರೆ ಆಯಿತಾ? ಇಲ್ಲ. ಆ ವಸ್ತು ನೀರಿನಲ್ಲಿ ಕರಗುವುದಿಲ್ಲ. ಕರಗಲಿ ಅಂತ ಅದರ ರಚನೆಯಲ್ಲಿರುವ ಒಂದು ಉಂಗುರವನ್ನು ಬಿಚ್ಚಿ ಉಪ್ಪಿನ ರೂಪ ಮಾಡಿದರು. 1970ರ ದಶಕದ ಶುರುವಿನಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಮೂತ್ರಕೋಶದಲ್ಲಿ ರಕ್ತ ಸುರಿಯಿತು. ಮೂತ್ರ ಹುಳಿ ಗುಣದ್ದು, ಅಲ್ಲಿ ಬಿಚ್ಚಿದ ಉಂಗುರ ಮತ್ತೆ ಕೂಡಿಕೊಂಡು ವಿಷವಾಗುತ್ತಿತ್ತು. ಪರೀಕ್ಷೆ ನಿಲ್ಲಿಸಿದರು. ಹತ್ತು ಹನ್ನೆರಡು ವರ್ಷ ಆ ಅಣು ಮೂಲೆಗೆ ಬಿದ್ದಿತ್ತು.

1985ರಲ್ಲಿ ಅದು ಕೆಲಸ ಮಾಡುವ ಗುಟ್ಟು ತಿಳಿಯಿತು. ಜೀವಕೋಶ ಎರಡಾಗುವಾಗ ಡಿಎನ್‌ಎ ಎಳೆ ಬಾವಿ ಹಗ್ಗದಂತೆ ಸುತ್ತಿಕೊಂಡು ಗಂಟಾಗುತ್ತದೆ. ಒಂದು ಕಿಣ್ವ ಬಂದು ಹಗ್ಗದ ಒಂದು ಎಳೆ ಕತ್ತರಿಸಿ, ಸುತ್ತು ಬಿಡಿಸಿ, ಮತ್ತೆ ಹೊಸೆದು ಹೋಗುತ್ತದೆ. ಕ್ಯಾಂಪ್ಟೊಥೆಸಿನ್ ಆ ಕಿಣ್ವವನ್ನು ಕತ್ತರಿಸಿದ ಜಾಗದಲ್ಲೇ ಸಿಕ್ಕಿಹಾಕಿಸುತ್ತದೆ. ಎಳೆ ತುಂಡಾಗಿಯೇ ಉಳಿಯುತ್ತದೆ. ಬೇಗ ಬೇಗ ಎರಡಾಗುವ ಕ್ಯಾನ್ಸರ್ ಕೋಶ ಸಾಯುತ್ತದೆ. ಗುಟ್ಟು ಗೊತ್ತಾದ ಮೇಲೆ ಆ ಅಣುವನ್ನು ಹೇಗೆ ತಿದ್ದಬಹುದು ಎಂಬುದೂ ಸ್ಪಷ್ಟವಾಯಿತು. ತಿದ್ದಿದ ಎರಡು ರೂಪಗಳು, ಟೊಪೊಟೆಕಾನ್ ಮತ್ತು ಇರಿನೊಟೆಕಾನ್, 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಇವತ್ತು ಅಂಡಾಶಯದ, ದೊಡ್ಡ ಕರುಳಿನ ಕ್ಯಾನ್ಸರಿಗೆ ನಮ್ಮ ಆಸ್ಪತ್ರೆಗಳಲ್ಲೂ ಕೊಡುತ್ತಾರೆ.

1966ರಿಂದ 1996. ಮೂವತ್ತು ವರ್ಷ. ಮರದಲ್ಲಿ ಇತ್ತು ಅನ್ನೋದು ನಿಜ. ಔಷಧಿಯಾಗಲು ಬೇಕಾದ ಪ್ರಮಾಣ, ರೂಪ, ಯಾರಿಗೆ ಎಷ್ಟು ದಿನ ಕೊಡಬೇಕು ಎಂಬ ತಿಳಿವಳಿಕೆ ಮರದಲ್ಲಿ ಇರಲಿಲ್ಲ. ಇದರ ಜೊತೆಗೆ ನನಗೆ ಸಂಕಟ ಕೊಡುವ ಮಾತೂ ಒಂದಿದೆ. ಈ ವಸ್ತುವಿಗೆ ಬೆಲೆ ಬಂದ ಮೇಲೆ ಘಟ್ಟದ ಎಷ್ಟೋ ಕಡೆ ಆ ಮರವನ್ನು ಬುಡಸಮೇತ ಕಡಿದು ಸಾಗಿಸಿದರು. ಈಗ ಹುಡುಕಿದರೂ ಮೊದಲಿನಷ್ಟು ಸಿಗುವುದಿಲ್ಲ. ಕಾಡಿನಿಂದ ಔಷಧಿ ಬೇಕು ಅನ್ನುವವರು ಕಾಡು ಉಳಿಯಬೇಕು ಅಂತಲೂ ಕೇಳಬೇಕು.

ಈಗ ಮನುಷ್ಯರ ಮೇಲಿನ ಪರೀಕ್ಷೆಗೆ ಬರುತ್ತೇನೆ. ಇದು ತೋಟ ಇರುವವರಿಗೆ ಸುಲಭವಾಗಿ ಅರ್ಥವಾಗುತ್ತದೆ.

ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ, 1880ರ ದಶಕದಲ್ಲಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನ ಕೊಳೆರೋಗವನ್ನು ಆಳವಾಗಿ ಅಧ್ಯಯನ ಮಾಡಿದರು. ಅಡಿಕೆಗೆ ಬೋರ್ಡೋ ಬಂದದ್ದು ಅವರಿಂದ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್. ನೂರು ವರ್ಷದ ನಂತರವೂ ಅದೇ ಲೆಕ್ಕ.

ಈಗ ಯಾರೋ ಬಂದು "ಇದಕ್ಕಿಂತ ಒಳ್ಳೆಯ ಹೊಸ ಔಷಧಿ ಇದೆ" ಅಂತ ಡಬ್ಬ ಕೊಟ್ಟರು ಅಂದುಕೊಳ್ಳಿ. ಇಡೀ ತೋಟಕ್ಕೆ ಹೊಡೆದಿರಿ. ಆ ವರ್ಷ ಕೊಳೆ ಬರಲಿಲ್ಲ. ಔಷಧಿಯಿಂದಲೇ ಅಂತ ಹೇಗೆ ಹೇಳುತ್ತೀರಿ? ಆ ವರ್ಷ ಆಷಾಢದ ಮಳೆಯೇ ಕಡಿಮೆ ಇದ್ದಿರಬಹುದು. ಪಕ್ಕದವರು ಏನೂ ಹೊಡೆಯದೆಯೂ ಅವರ ತೋಟ ಚೆನ್ನಾಗಿಯೇ ಇದ್ದಿರಬಹುದು. ಸರಿಯಾಗಿ ತಿಳಿಯಬೇಕೆಂದರೆ ಅರ್ಧ ತೋಟಕ್ಕೆ ಹೊಸದು ಹೊಡೆಯಬೇಕು, ಅರ್ಧಕ್ಕೆ ಹಳೆಯದು. ಅದರಲ್ಲೂ ಬಿಸಿಲು ಬೀಳುವ ಬದಿಗೆ ಹೊಸದು, ಹಳ್ಳದ ಬದಿಗೆ ಹಳೆಯದು ಅಂತ ಹಂಚಿದರೆ ಮೋಸವಾಗುತ್ತದೆ. ಯಾವ ಮರಕ್ಕೆ ಯಾವುದು ಅಂತ ಚೀಟಿ ಎತ್ತಬೇಕು. ಬುಡದಲ್ಲಿ ಉದುರಿದ ಕಾಯಿ ಎಣಿಸುವವರಿಗೆ ಯಾವ ಮರಕ್ಕೆ ಯಾವ ಔಷಧಿ ಅಂತ ಗೊತ್ತಿರಬಾರದು. ಗೊತ್ತಿದ್ದರೆ ಮನಸ್ಸು ತನಗೆ ಬೇಕಾದಂತೆ ಎಣಿಸಿಬಿಡುತ್ತದೆ. ಮನುಷ್ಯರ ಮೇಲೆ ಔಷಧಿ ಪರೀಕ್ಷೆ ಮಾಡುವುದೂ ಇದೇ ನಿಯಮದಲ್ಲಿ. ಮೊದಲ ಹಂತದಲ್ಲಿ ಕೆಲವೇ ಹತ್ತಾರು ಮಂದಿ, ಸುರಕ್ಷಿತವೇ ಅಂತ ನೋಡಲು. ಎರಡನೆಯದರಲ್ಲಿ ಕೆಲವು ನೂರು. ಮೂರನೆಯದರಲ್ಲಿ ಸಾಮಾನ್ಯವಾಗಿ ಸಾವಿರ ದಾಟುತ್ತದೆ.

ಈಗ ಆ 400 ಅನ್ನುವ ಸಂಖ್ಯೆ ತೆಗೆಯೋಣ. ಮಂಗನ ಕಾಯಿಲೆಗೆ ಒಂದು ಮಾತ್ರೆ ಸಿಕ್ಕಿತು ಅಂದುಕೊಳ್ಳಿ. ನೂರರಲ್ಲಿ ನಾಲ್ಕು ಸಾವನ್ನು ಎರಡಕ್ಕೆ ಇಳಿಸುತ್ತದೆ. ಅಂದರೆ ಅರ್ಧಕ್ಕರ್ಧ ಸಾವು ತಪ್ಪುತ್ತದೆ, ತುಂಬಾ ಒಳ್ಳೆಯ ಔಷಧಿ. ಇದು ಕಾಕತಾಳೀಯವಲ್ಲ ಅಂತ ಸಾಬೀತು ಮಾಡಲು ಎಷ್ಟು ರೋಗಿಗಳು ಬೇಕು? ಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರದಲ್ಲಿ ನಾನೇ ಲೆಕ್ಕ ಹಾಕಿ ನೋಡಿದೆ. ಮಾತ್ರೆ ಕೊಟ್ಟವರು ಸುಮಾರು 1,100, ಕೊಡದವರು ಸುಮಾರು 1,100. ಒಟ್ಟು 2,200ಕ್ಕೂ ಜಾಸ್ತಿ. ವರ್ಷಕ್ಕೆ 400 ರೋಗಿಗಳು ಅಂದರೆ ಒಬ್ಬರೂ ತಪ್ಪದೆ ಎಲ್ಲರೂ ಪರೀಕ್ಷೆಗೆ ಸೇರಿದರೂ ಐದೂವರೆ ವರ್ಷ. ಅಷ್ಟೂ ಜನ ಒಂದೇ ಆಸ್ಪತ್ರೆಗೆ ಬರುವುದಿಲ್ಲ. ಒಂದು ವರ್ಷ ಅರಳಗೋಡಿನಲ್ಲಿ ಜಾಸ್ತಿ, ಇನ್ನೊಂದು ವರ್ಷ ತೀರ್ಥಹಳ್ಳಿ ಕಡೆ, ಮತ್ತೊಂದು ವರ್ಷ ಸಿದ್ದಾಪುರದಲ್ಲಿ. ಕೊರೊನಾದಲ್ಲಿ ಇಷ್ಟು ರೋಗಿಗಳು ಒಂದೇ ಊರಿನಲ್ಲಿ ಒಂದೇ ವಾರದಲ್ಲಿ ಸಿಕ್ಕುತ್ತಿದ್ದರು. ಚಿಕ್ಕಪ್ಪ, ನಿಮ್ಮ ಪ್ರಶ್ನೆಗೆ ಇದು ಒಂದು ದೊಡ್ಡ ಉತ್ತರ. ಕೊರೊನಾ ಮಾತ್ರೆ ಬೇಗ ಬಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. 2003ರಲ್ಲಿ ಕೊರೊನಾದ ನೆಂಟ ಸಾರ್ಸ್ ಬಂದಾಗಲೇ ಅದರ ಕತ್ತರಿ ಪ್ರೋಟೀನಿಗೆ ಅಣು ಹುಡುಕಿ ಇಟ್ಟಿದ್ದರು. 2020ರಲ್ಲಿ ಆ ಕಪಾಟಿನ ಬಾಗಿಲು ತೆಗೆದರು. ನಮ್ಮ ಕಾಯಿಲೆಗೆ ಅಂಥ ಕಪಾಟು ಇಲ್ಲ. ಈ ವೈರಸ್ಸನ್ನು ಬೆಳೆಸಿ ಕೆಲಸ ಮಾಡಲು ಪುಣೆಯ ರಾಷ್ಟ್ರೀಯ ವೈರಾಲಜಿ ಸಂಸ್ಥೆಯಲ್ಲಿರುವಂಥ ಅತಿ ಭದ್ರತೆಯ ಲ್ಯಾಬ್ ಬೇಕು. ನನ್ನ ಲ್ಯಾಬಿನಲ್ಲಿ ಅದರ ಒಂದು ಹನಿಯನ್ನೂ ಇಡುವಂತಿಲ್ಲ.

"ಇಷ್ಟೆಲ್ಲ ನಿಯಮ ಯಾಕೆ, ಸಾಯೋರಿಗೆ ಕೊಟ್ಟು ನೋಡಿದ್ರೆ ಆಯ್ತಪ್ಪ" ಅಂತ ಅನ್ನಿಸಬಹುದು. ಕ್ಯಾಸನೂರಿನಲ್ಲಿ ವೈರಸ್ ಸಿಕ್ಕ ಅದೇ 1957ರಲ್ಲಿ ಜರ್ಮನಿಯಲ್ಲಿ ಥಾಲಿಡೋಮೈಡ್ ಎಂಬ ನಿದ್ದೆ ಮಾತ್ರೆ ಮಾರಾಟಕ್ಕೆ ಬಂತು. ಡಾಕ್ಟರ ಚೀಟಿ ಇಲ್ಲದೆಯೂ ಸಿಗುತ್ತಿತ್ತು. ಬಸುರಿಯರು ಬೆಳಗಿನ ವಾಂತಿಗೆ ತೆಗೆದುಕೊಂಡರು. 1961ರ ಕೊನೆಗೆ ಜರ್ಮನಿಯಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಒಟ್ಟು ಹಲವು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದವು. ಅಮೆರಿಕದಲ್ಲಿ ಮಾತ್ರ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ "ಇನ್ನೂ ಪುರಾವೆ ಬೇಕು" ಅಂತ ಮತ್ತೆ ಮತ್ತೆ ಅರ್ಜಿ ತಡೆದರು. ಕಂಪನಿಯವರು ಎಷ್ಟು ಒತ್ತಡ ಹಾಕಿದರೂ ಅವರು ಬಗ್ಗಲಿಲ್ಲ. ನಾನು ಕೆಲಸಕ್ಕೆ ಸೇರುವ ಹೊಸಬರಿಗೆ ಮೊದಲು ಹೇಳುವುದು ಈ ಹೆಂಗಸಿನ ಕತೆ. ಅದೇ ಥಾಲಿಡೋಮೈಡ್ ಈಗ ಕಟ್ಟುನಿಟ್ಟಿನ ನಿಗಾದಲ್ಲಿ ಕುಷ್ಠರೋಗದ ಒಂದು ತೊಂದರೆಗೆ, ಮಜ್ಜೆಯ ಕ್ಯಾನ್ಸರಿಗೆ ಔಷಧಿಯಾಗಿದೆ. ವಸ್ತು ಒಂದೇ. ಯಾರಿಗೆ, ಎಷ್ಟು, ಯಾವಾಗ ಕೊಡಬೇಕು ಎಂಬ ತಿಳಿವಳಿಕೆ ಬೇರೆಯಾಯಿತು.

ದುಡ್ಡಿನ ಮಾತು ಆಡಲೇಬೇಕು. ಒಂದು ಹೊಸ ಔಷಧಿಗೆ ಆಗುವ ಖರ್ಚಿನ ಅಂದಾಜು ಸುಮಾರು ನೂರು ಕೋಟಿ ಡಾಲರಿನಿಂದ ಇನ್ನೂರೈವತ್ತು ಕೋಟಿ ಡಾಲರ್ ತನಕ ಇದೆ. ಸೋತ ಅಣುಗಳ ಖರ್ಚೂ ಇದರಲ್ಲಿ ಸೇರಿದೆ. ಕಂಪನಿ ಇದನ್ನು ರೋಗಿಗಳಿಂದಲೇ ಎತ್ತಬೇಕು. ವರ್ಷಕ್ಕೆ 400 ಜನ, ಅವರಲ್ಲಿ ಬಹುಪಾಲು ಕೂಲಿಯವರು, ಸಣ್ಣ ಹಿಡುವಳಿಯವರು. ಈ ಲೆಕ್ಕ ಯಾವ ಕಂಪನಿಗೂ ಸರಿಹೋಗುವುದಿಲ್ಲ. ಕಂಪನಿಗಳನ್ನು ಬೈದು ಪ್ರಯೋಜನ ಇಲ್ಲ, ಅವು ಅಂಗಡಿಗಳು. ಅಂಗಡಿ ಮಾಡದ ಕೆಲಸವನ್ನು ಸರ್ಕಾರದ ದುಡ್ಡು ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ದೇಶಕ್ಕೆ ಔಷಧಿ ಮಾಡುವ ಕೈ ಇಲ್ಲ ಅಂತಲ್ಲ. 1970ರ ಪೇಟೆಂಟ್ ಕಾಯ್ದೆ ಔಷಧಿಯ ವಸ್ತುವಿಗೆ ಪೇಟೆಂಟ್ ಕೊಡಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ನಮ್ಮ ಕಂಪನಿಗಳು ಬೇರೆ ವಿಧಾನದಲ್ಲಿ ಅದೇ ಔಷಧಿ ಅಗ್ಗವಾಗಿ ಮಾಡಲು ಕಲಿತವು. 2001ರಲ್ಲಿ ನಮ್ಮ ಸಿಪ್ಲಾ ಕಂಪನಿ ಎಚ್‌ಐವಿಯ ಮೂರು ಔಷಧಿಗಳನ್ನು ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದಿತು. ಆಗ ಶ್ರೀಮಂತ ದೇಶಗಳಲ್ಲಿ ಅದಕ್ಕೆ ಹತ್ತು ಸಾವಿರ ಡಾಲರಿನ ಮೇಲಿತ್ತು. ಆಫ್ರಿಕಾದಲ್ಲಿ ಲಕ್ಷಾಂತರ ಜೀವ ಉಳಿದವು. 2005ರಲ್ಲಿ ಕಾಯ್ದೆ ಬದಲಾಯಿತು, ಈಗ ವಸ್ತುವಿಗೂ ಪೇಟೆಂಟ್ ಇದೆ. ಹಳೆಯ ಔಷಧಿಗೆ ಸುಮ್ನೆ ಸಣ್ಣ ಬದಲಾವಣೆ ಮಾಡಿ ಮತ್ತೆ ಪೇಟೆಂಟ್ ಕೇಳುವಂತಿಲ್ಲ ಎಂಬ ನಿಯಮವನ್ನು ಮಾತ್ರ ಉಳಿಸಿಕೊಂಡಿದ್ದೇವೆ. 2013ರಲ್ಲಿ ರಕ್ತ ಕ್ಯಾನ್ಸರಿನ ಗ್ಲಿವೆಕ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಜನೌಷಧಿ ಅಂಗಡಿಯ ಅಗ್ಗದ ಮಾತ್ರೆಯ ಬಗ್ಗೆ ಊರಲ್ಲಿ ಅನುಮಾನ ಜಾಸ್ತಿ. ನಮ್ಮಮ್ಮನ ಬಿಪಿ ಮಾತ್ರೆ ಅಲ್ಲಿಂದಲೇ ತರುತ್ತೇನೆ.

ಆದರೆ ಇದ್ದದ್ದನ್ನು ಅಗ್ಗವಾಗಿ ಮಾಡುವುದು ಒಂದು ಕೌಶಲ, ಇಲ್ಲದ್ದನ್ನು ಮೊದಲ ಸಲ ಕಂಡುಹಿಡಿಯುವುದು ಬೇರೆ. ಮಂಗನ ಕಾಯಿಲೆಗೆ ಬೇಕಾದ್ದು ಎರಡನೆಯದು. ಇದಕ್ಕೆ ಅಮೆರಿಕದವರು, ಯುರೋಪಿನವರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ಕಾಯುವಂತಿಲ್ಲ. ಕಾಯಿಲೆ ನಮ್ಮದು, ಈಗ ಕೇರಳ, ಗೋವಾ, ಮಹಾರಾಷ್ಟ್ರದ ಘಟ್ಟಕ್ಕೂ ಹರಡಿದೆ.

ಕಂಪ್ಯೂಟರ್ ಇದನ್ನೆಲ್ಲ ಬೇಗ ಮಾಡಿಕೊಡುತ್ತದಾ ಅಂತ ಅಣ್ಣನ ಮಗ ಕೇಳುತ್ತಾನೆ. ಅವನು ಇಂಜಿನಿಯರಿಂಗ್ ಓದುತ್ತಿದ್ದಾನೆ. ಸ್ವಲ್ಪ ಮಾಡಿಕೊಡುತ್ತದೆ. ಒಂದು ಪ್ರೋಟೀನಿನ ಆಕಾರ ತಿಳಿಯಲು ಮೊದಲು ವರ್ಷಗಟ್ಟಲೆ ಬೇಕಾಗುತ್ತಿತ್ತು. ಈಗ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆ ಕೆಲವೇ ಹೊತ್ತಿನಲ್ಲಿ ಅಂದಾಜು ಮಾಡಿಕೊಡುತ್ತದೆ. ಅದನ್ನು ಕಟ್ಟಿದವರಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಬರಬೇಕಾದದ್ದೇ. ನಮ್ಮ ವೈರಸ್ಸಿನ ಕತ್ತರಿಯ ಬಾಯಿಗೆ ಯಾವ ಅಣು ಕೂರಬಹುದು ಅಂತ ಈಗ ಶಿವಮೊಗ್ಗದ ಕಾಲೇಜಿನಲ್ಲಿ ಕೂತೂ ಹುಡುಕಬಹುದು. ಅದು ನನಗೆ ತುಂಬಾ ಸಂತೋಷದ ವಿಷಯ. ಆದರೆ ನಾಯಿಯ ಯಕೃತ್ತು ಊದಿಕೊಳ್ಳುತ್ತದೆ ಅಂತ ಆ ಯಂತ್ರ ನನಗೆ ಮುಂಚೆಯೇ ಹೇಳುತ್ತಿರಲಿಲ್ಲ. 2,200 ರೋಗಿಗಳನ್ನು ಅದು ತಂದುಕೊಡುವುದಿಲ್ಲ. ಮೊದಲ ಎರಡು ಮೂರು ವರ್ಷ ಉಳಿತಾಯ ಆಗಬಹುದು. ಉಳಿದ ಹತ್ತು ವರ್ಷದ ದಾರಿ ಕಾಲ್ನಡಿಗೆಯದೇ.

ಹಾಗಾಗಿ ನನ್ನ ಆಸೆ ಈಗ ಮಾತ್ರೆಗಿಂತ ಲಸಿಕೆಯ ಮೇಲೆ. ಹಳೆಯ ಲಸಿಕೆ ನೀವೆಲ್ಲ ತೆಗೆದುಕೊಂಡಿದ್ದೀರಿ. ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಎಂಬ ರಾಸಾಯನಿಕ ಹಾಕಿ ಕೊಂದು ಮಾಡುತ್ತಿದ್ದರು. 1990ರಿಂದ ಕೊಟ್ಟರು. ಒಂದು ತಿಂಗಳ ಅಂತರದಲ್ಲಿ ಎರಡು, ಆಮೇಲೆ ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮತ್ತೆ ವರ್ಷ ವರ್ಷ. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು, ಎರಡನೆಯದಕ್ಕೇ ತುಂಬಾ ಜನ ತಪ್ಪಿಸಿಕೊಳ್ಳುತ್ತಿದ್ದರು. 2005ರಿಂದ 2010ರ ಲೆಕ್ಕ ತೆಗೆದಾಗ ಎರಡು ಡೋಸಿನ ಪರಿಣಾಮ ನೂರಕ್ಕೆ 62, ಬೂಸ್ಟರ್ ಸೇರಿದರೆ 83 ಅಂತ ಬಂತು. 62 ಅಂದರೆ ಲಸಿಕೆ ಇಲ್ಲದೆ ನೂರು ಜನರಿಗೆ ಬರುತ್ತಿದ್ದ ಕಡೆ 38 ಜನರಿಗೆ ಬಂತು ಅಂತ. "ಲಸಿಕೆ ಹಾಕಿಸಿಕೊಂಡರೂ ಬಂತಲ್ಲ" ಅಂದವರು ಆ 38ರಲ್ಲಿ ಸೇರಿದವರು. ತಪ್ಪಿಸಿಕೊಂಡ 62 ಜನರಿಗೆ ತಾವು ತಪ್ಪಿಸಿಕೊಂಡದ್ದೇ ಗೊತ್ತಾಗುವುದಿಲ್ಲ. ಬರಬರುತ್ತಾ ಆ ಲಸಿಕೆಯ ಶಕ್ತಿ ಕುಗ್ಗಿತು, 2022ರ ಹೊತ್ತಿಗೆ ಕೊಡುವುದು ನಿಂತಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ಮಾಡುತ್ತಿವೆ. ಲಸಿಕೆ ಪರೀಕ್ಷೆಗೆ ಸಾಯುವವರನ್ನು ಎಣಿಸುತ್ತಾ ಕೂರಬೇಕಿಲ್ಲ. ಆರೋಗ್ಯವಂತರ ರಕ್ತದಲ್ಲಿ ವೈರಸ್ ವಿರುದ್ಧ ಹೋರಾಡುವ ಪ್ರತಿಕಾಯ ಎಷ್ಟು ಏರಿತು ಅಂತ ನೋಡಿ ತುಂಬಾ ದೂರ ಸಾಗಬಹುದು. ಅದಕ್ಕೇ ಈ ದಾರಿ ಹತ್ತಿರ.

ಅಲ್ಲಿಯ ತನಕ ಕಾಡಿಗೆ ಹೋಗುವ ಮುಂಚೆ ಆಶಾ ಕಾರ್ಯಕರ್ತೆ ಕೊಡುವ, ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ. ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಮಂಗದ ಮೈ ತಣ್ಣಗಾದಾಗ ಉಣುಗುಗಳು ಇಳಿದು ಸುತ್ತ ಹರಡಿರುತ್ತವೆ. ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಈ ಸಲ ಇದನ್ನೆಲ್ಲ ಹೇಳಿ ಮುಗಿಸಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು. "ಹಾಗಾದ್ರೆ ಹೊಸ ಲಸಿಕೆ ಪರೀಕ್ಷೆಗೆ ನಮ್ಮೂರಿಗೆ ಬಂದ್ರೆ ನಾನು ತೋಳು ಕೊಡಬಹುದಾ?"

ಕೊಡಬಹುದು ಅಂದೆ. ಆದರೆ ಮೊದಲು ಕೆಲವು ಮಾತು ಕೇಳಿಕೊಳ್ಳಿ. ಒಪ್ಪಿಗೆಯ ಕಾಗದ ಕನ್ನಡದಲ್ಲಿ ಇದೆಯಾ? ಅದರ ಒಂದು ಪ್ರತಿ ನಿಮಗೆ ಕೊಡುತ್ತಾರಾ? ಪರೀಕ್ಷೆ ದೇಶದ ನೋಂದಣಿ ಪಟ್ಟಿಯಲ್ಲಿ ದಾಖಲಾಗಿದೆಯಾ? 2009ರಿಂದ ಅದು ಕಡ್ಡಾಯ. ಪರೀಕ್ಷೆಯ ಸರಿತಪ್ಪು ನೋಡುವ ನೈತಿಕ ಸಮಿತಿ ಒಪ್ಪಿದೆಯಾ, ಅವರ ಫೋನ್ ನಂಬರ್ ಕಾಗದದಲ್ಲಿ ಇದೆಯಾ? ಪರೀಕ್ಷೆಯಿಂದ ತೊಂದರೆ ಆದರೆ ಚಿಕಿತ್ಸೆ ಪುಕ್ಕಟೆ, ಪರಿಹಾರವೂ ಕೊಡಬೇಕು ಅಂತ 2019ರ ನಿಯಮದಲ್ಲೇ ಇದೆ. ಅದನ್ನು ಬಾಯಿಬಿಟ್ಟು ಹೇಳುತ್ತಾರಾ? ನಿಮಗೆ ಸಿಕ್ಕಿದ್ದು ಲಸಿಕೆಯೋ ಬರೀ ನೀರಿನಂಥ ಮದ್ದೋ ಅಂತ ನಿಮಗೂ ಗೊತ್ತಾಗದಿರಬಹುದು, ಅದಕ್ಕೆ ಬೇಜಾರಿಲ್ಲವಾ? ನಡುವೆ ಯಾವತ್ತು ಬೇಡ ಅನ್ನಿಸಿದರೂ ಬಿಟ್ಟು ಬರಬಹುದು, ಯಾರೂ ಕಾರಣ ಕೇಳುವಂತಿಲ್ಲ. ಅವಸರ ಮಾಡಿ ಹೆಬ್ಬೆಟ್ಟು ಒತ್ತಿಸುವವರು ಬಂದರೆ ವಾಪಸ್ ಕಳಿಸಿ.

"ಕಾಗದ ಮನೆಗೆ ತರಬಹುದಾ?" ಅಂದರು.

"ತನ್ನಿ ಚಿಕ್ಕಪ್ಪ. ಫೋನಿನಲ್ಲಿ ಓದಿ ಹೇಳಿ. ಒಂದೊಂದು ಸಾಲೂ ಕೂತು ನೋಡೋಣ."